ಹೊಟ್ಟೆಬಾಕನಿಗೆ ಹನ್ನೆರಡು ಸಾಲು

ಕಲ್ಲಿಗೂ ಮರಕ್ಕೂ ಮಾತು ಬರುತ್ತಿದ್ದ ಕಾಲದಲ್ಲಿ, ಒಂದೇ ಸೂರಿನ ಕೆಳಗಿದ್ದ ಇಬ್ಬರು ಹೆಂಗಸರಿಗೆ ಮಾತು ನಿಂತುಹೋಗಿತ್ತಂತೆ. ಒಬ್ಬಳು ಅತ್ತಿಗೆ, ಇನ್ನೊಬ್ಬಳು ನಾದಿನಿ. ನಡುಮನೆಗೆ ಅಡ್ಡವಾಗಿ ಒಂದು ಮರದ ಬೀರು. ಅದರ ಮುಖ ಅತ್ತಿಗೆಯ ಕಡೆ, ಬೆನ್ನು ನಾದಿನಿಯ ಕಡೆ. ಬೆನ್ನಿಗೆ ಬಣ್ಣ ಹಚ್ಚಿರಲಿಲ್ಲ. ಬಡಗಿ ಸೀಮೆಸುಣ್ಣದಲ್ಲಿ ಗೀಚಿದ ಹದಿನೇಳು ಎಂಬ ಅಂಕಿ ಹಾಗೆಯೇ ಉಳಿದಿತ್ತು. ಆರು ವರ್ಷದಿಂದ ನಾದಿನಿ ಬೆಳಿಗ್ಗೆ ಕಣ್ಣು ಬಿಟ್ಟರೆ ಮೊದಲು ಕಾಣುತ್ತಿದ್ದದ್ದು ಆ ಹದಿನೇಳು. ಬೀರುವಿನಾಚೆ ಪಾತ್ರೆ ಕುಕ್ಕಿದ ಸದ್ದಾದರೆ ಅದು ತನಗೇ ಎಂದು ಅವಳಿಗೆ ಗೊತ್ತಿತ್ತು. ಲೋಟವಾದರೆ ಸಣ್ಣ ಬೈಗುಳ, ಕೊಡವಾದರೆ ದೊಡ್ಡದು.

ಇಬ್ಬರ ನಡುವೆ ಸಿಕ್ಕಿ ನುಗ್ಗಾಗಿದ್ದವನು ಅಣ್ಣ. ಬೀಗ ರಿಪೇರಿ ಅವನ ಕಸುಬು. ಊರಿನ ಬೀಗವೆಲ್ಲ ತೆಗೆಯುವವನಿಗೆ ತನ್ನ ಮನೆಯ ಎರಡು ಬಾಯಿ ತೆಗೆಸಲು ಆಗಿರಲಿಲ್ಲ.

ಇಂಥ ಕಥೆಗೆ ರಾಕ್ಷಸ ಬೇಕೇ ಬೇಕು. ಅವನಿದ್ದದ್ದು ಮನೆಯಿಂದ ಏಳು ಬಸ್ ನಿಲ್ದಾಣದಾಚೆ, ಆಸ್ಪತ್ರೆ ಹೋಟೆಲುಗಳ ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ. ಹತ್ತು ಅಡಿ ಉದ್ದದ ಉರುಳೆ, ಅದರ ಹೊಟ್ಟೆಯಲ್ಲಿ ಕುದಿಯುವ ಆವಿ. ಒದ್ದೆ ಹೊದಿಕೆಯನ್ನು ಈ ಕಡೆ ಬಾಯಿಗಿಟ್ಟರೆ ಆ ಕಡೆ ಗರಿಗರಿಯಾಗಿ ಉಗುಳುತ್ತಿದ್ದ. ಎಷ್ಟು ಕೊಟ್ಟರೂ ಸಾಲದು ಎಂದು ಹೆಂಗಸರು ಅವನಿಗೆ ಹೊಟ್ಟೆಬಾಕ ಎಂದು ಹೆಸರಿಟ್ಟಿದ್ದರು. ಅವನ ಬಾಯಿಗೆ ಅಡ್ಡವಾಗಿ ಕೆಂಪು ಬಣ್ಣದ ಒಂದು ತಡೆಪಟ್ಟಿ. ಬೆರಳು ತಾಗಿದರೆ ಸಾಕು, ಉರುಳೆ ನಿಲ್ಲಬೇಕು. ಆದರೆ ಹೊದಿಕೆಯ ಒಂದು ಸುಕ್ಕು ತಾಗಿದರೂ ನಿಲ್ಲುತ್ತಿತ್ತು. ನಿಂತರೆ ಗಂಟೆಗೆ ಇಷ್ಟೆಂದು ಮುಗಿಯಬೇಕಾದ ಹೊದಿಕೆ ಮುಗಿಯುತ್ತಿರಲಿಲ್ಲ. ಅದಕ್ಕೇ ದಿನಾ ಬೆಳಿಗ್ಗೆ ಮೇಲ್ವಿಚಾರಕ ಹಳೆಯ ಹೊದಿಕೆಯೊಂದನ್ನು ಪರಪರ ಹರಿದು ಯಂತ್ರಕ್ಕೆ ಎರಡು ಚೂರಿನ ಹಾಗೆ ಹಂಚುತ್ತಿದ್ದ. ತಡೆಪಟ್ಟಿಯ ಎರಡೂ ತುದಿಯನ್ನು ಅಲ್ಲಾಡದಂತೆ ಅದರಿಂದ ಕಟ್ಟಬೇಕು, ಸಂಜೆ ಬಿಚ್ಚಿ ಚಿಂದಿ ಬುಟ್ಟಿಗೆ ಎಸೆಯಬೇಕು. ಹೆಂಗಸರು ಅದನ್ನು ಕಂಕಣ ಎನ್ನುತ್ತಿದ್ದರು. ಮೇಲ್ವಿಚಾರಕನಿಗೆ ಅವರಿಟ್ಟ ಹೆಸರು ಸೀಟಿ. ಅವನ ಬಾಯಲ್ಲಿ ಮಾತಿಗಿಂತ ಸೀಟಿಯೇ ಹೆಚ್ಚು.

ಆರು ವರ್ಷದ ಹಿಂದೆ ಹೊಟ್ಟೆಬಾಕ ಅತ್ತಿಗೆಯ ಬಲಗೈಯ ಎರಡು ಬೆರಳಿನ ರುಚಿ ನೋಡಿದ. ಬೆರಳು ಉಳಿದವು, ಆದರೆ ಸುಟ್ಟ ಚರ್ಮ ಸೆಟೆದು ಒಳಕ್ಕೆ ಮಡಚಿಕೊಂಡವು. ಅಪಘಾತದ ಕಾಗದವನ್ನು ಇಂಗ್ಲಿಷಿನಲ್ಲಿ ಬರೆದವಳು ಅದೇ ಕಾರ್ಖಾನೆಯ ಆಫೀಸಿನಲ್ಲಿ ಗುಮಾಸ್ತೆಯಾಗಿದ್ದ ನಾದಿನಿ. ಸೀಟಿ ಹೇಳಿದ, ಅವಳು ಬರೆದಳು. ಬಲಗೈ ಬ್ಯಾಂಡೇಜಿನಲ್ಲಿದ್ದ ಅತ್ತಿಗೆ ಆಸ್ಪತ್ರೆಯ ಮಂಚದ ಮೇಲೆ ಎಡಗೈ ಹೆಬ್ಬೆಟ್ಟು ಒತ್ತಿದಳು. “ಏನಂತ ಬರೆದಿದ್ದೀಯ?” ಎಂದು ಕೇಳಿದ್ದಕ್ಕೆ ನಾದಿನಿ, “ಎಲ್ಲ ಸರಿಯಾಗಿದೆ” ಎಂದಿದ್ದಳು. ಮರುವಾರ ಗೋಡೆಗೆ ನೋಟೀಸು ಅಂಟಿತು: ತಪ್ಪು ಪೂರ್ತಿ ಕೆಲಸದವಳದು. ಆ ಸಂಜೆಯೇ ಬೀರು ನಡುಮನೆಗೆ ಬಂತು.

ಈಗ ಇನ್ನೊಂದು ನೋಟೀಸು ಬಂದಿತ್ತು. ಬಟ್ಟೆ ಕಳಿಸುವ ದೊಡ್ಡ ಆಸ್ಪತ್ರೆಯ ಕಡೆಯಿಂದ ತಪಾಸಣೆಯಮ್ಮ ಶನಿವಾರ ಬರುತ್ತಾಳೆ. ಆಕೆಗೆ ಇಂಗ್ಲಿಷ್ ಬಿಟ್ಟರೆ ಬೇರೆ ಬಾರದು. ಪ್ರತಿ ಯಂತ್ರದ ಮುಂದೆ ನಿಂತು, ನೀನು ದಿನಾ ಏನು ಮಾಡುತ್ತೀ ಎಂದು ಕೇಳುತ್ತಾಳೆ. ಯಂತ್ರದವಳು ಹನ್ನೆರಡು ಸಾಲಿನಲ್ಲಿ ತನ್ನ ಬಾಯಿಂದಲೇ ಹೇಳಬೇಕು. ಹೇಳಲಾಗದವಳು ಕೊಳೆ ಕೋಣೆಗೆ ಹೋಗಬೇಕು. ಕೊಳೆ ಕೋಣೆಯಲ್ಲಿ ರಕ್ತ ಹತ್ತಿದ ಹೊದಿಕೆಗಳನ್ನು ಕ್ಷಾರದ ನೀರಿನಲ್ಲಿ ನೆನೆಹಾಕುತ್ತಿದ್ದರು. ಗಟ್ಟಿ ಚರ್ಮದವರ ಕೈಯೇ ಅಲ್ಲಿ ತಿಂಗಳೊಳಗೆ ಬಿರಿಯುತ್ತಿತ್ತು. ಅತ್ತಿಗೆಯ ಆ ಎರಡು ಬೆರಳು ವಾರವೂ ತಾಳುವ ಹಾಗಿರಲಿಲ್ಲ.

ಭಾನುವಾರ ಅಣ್ಣ ಬೀರುವನ್ನು ಬಳಸಿ ಈಚೆ ಬಂದ.

“ಅವಳು ಐದನೇ ಕ್ಲಾಸು. ಎ ಬಿ ಸಿ ಡಿ ಗೊತ್ತು, ಅಷ್ಟೇ. ನೀನು ಹೇಳಿಕೊಡು.”

“ಅವರು ಕೇಳಿದ್ರಾ?”

“ಅವಳು ಸತ್ತರೂ ಕೇಳಲ್ಲ. ನಾನು ಕೇಳ್ತಿದ್ದೀನಿ.” ಎಣ್ಣೆ ಮೆತ್ತಿದ ಅಂಗೈ ಚಾಚಿದ. “ಮಾತು ಕೊಡು.”

ನಾದಿನಿ ಹದಿನೇಳನ್ನು ನೋಡಿದಳು. ಆಮೇಲೆ ಅಣ್ಣನ ಅಂಗೈ ಮೇಲೆ ಕೈಯಿಟ್ಟಳು. “ಶನಿವಾರದೊಳಗೆ ಅವರ ಕೆಲಸದ ಹನ್ನೆರಡು ಸಾಲು ಅವರ ಬಾಯಲ್ಲಿ ಕೂರಿಸ್ತೀನಿ. ಆಮೇಲೆ ನನ್ನನ್ನ ಏನೂ ಕೇಳಬೇಡ.”

ಪಾಠ ನಡೆದದ್ದು ಬಟ್ಟೆ ಮಡಚುವ ಕೋಣೆಯ ಉದ್ದನೆಯ ಮೇಜಿನ ಮೇಲೆ, ಊಟದ ಅರ್ಧ ಗಂಟೆಯಲ್ಲಿ. ಸೋಮವಾರ ಅತ್ತಿಗೆ ಬಂದು ಎದುರು ಕುಳಿತಳು. ಆರು ವರ್ಷದ ನಂತರದ ಮೊದಲ ಮಾತು ಹೀಗಿತ್ತು:

“ಶುರು ಮಾಡು ಆಫೀಸಮ್ಮ. ನಿನ್ನ ಮುಖ ನೋಡ್ಕೊಂಡು ಕೂರೋಕೆ ಅರ್ಧ ಗಂಟೆ ಮೇಲೆ ನನ್ನ ಕೈಲಾಗಲ್ಲ.”

“ನಿಮ್ಮ ಮುಖ ನೋಡಿ ನನಗೂ ಹೊಟ್ಟೆ ತುಂಬಲ್ಲ ಅತ್ತಿಗೆ. ‘ನಾನು ಆವಿ ಬಿಡ್ತೀನಿ’ ಅನ್ನೋದಕ್ಕೆ ಹೇಳಿ, ಐ ಓಪನ್ ದಿ ಸ್ಟೀಮ್.”

“ಐ ಆಮ್ ಓಪನ್ ದಿ ಸ್ಟೀಮ್.”

“ಅಲ್ಲಿ ಆಮ್ ಎಲ್ಲಿಂದ ಬಂತು?”

“ಐ ಅಂದ ಮೇಲೆ ಆಮ್ ಬರಬೇಕಲ್ಲ. ಸೂಜಿ ಹಿಂದೆ ದಾರ.”

“ಬರಬಾರದು. ಐ ಆಮ್ ಓಪನ್ ಅಂದ್ರೆ ನೀವೇ ತೆರೆದಿದ್ದೀರಿ ಅಂತ. ಅಂಗಡಿ ಬಾಗಿಲಿಗೆ ನೇತುಹಾಕೋ ಬೋರ್ಡು ಅದು.”

ಪಕ್ಕದಲ್ಲಿ ಊಟದ ಡಬ್ಬಿ ಬಿಚ್ಚಿ ಕುಳಿತಿದ್ದ ಕುಳ್ಳಿ, ಹೊಟ್ಟೆಬಾಕನ ಮುಂದೆ ಹೊದಿಕೆಯ ಇನ್ನೊಂದು ತುದಿ ಹಿಡಿಯುವವಳು, “ಬಾಯಂತೂ ತೆರೆದೇ ಇರತ್ತೆ. ಬೋರ್ಡು ಹಾಕಿದ್ರೆ ತಪ್ಪೇನು?” ಎಂದಳು. ಅತ್ತಿಗೆ ನಗಲಿಲ್ಲ. ನಾದಿನಿಗೆ ನಗು ಬಂದಿತ್ತು, ನುಂಗಿದಳು.

ಮಂಗಳವಾರ ಅತ್ತಿಗೆ ಬಂದವಳೇ, “ಇದು ಯಾವಾಗಿನ ಮಾತು?” ಎಂದು ಕೇಳಿದಳು. “ಐ ಓಪನ್ ಅಂದ್ರೆ ಈಗ ಬಿಡ್ತಾ ಇದ್ದೀನಾ, ನಿನ್ನೆ ಬಿಟ್ಟೆನಾ?”

“ಎರಡೂ ಅಲ್ಲ. ದಿನಾ ಬಿಡ್ತೀರಿ. ಯಾವತ್ತು ಕೇಳಿದರೂ ಹೌದು ಅನ್ನಬಹುದಾದ ಮಾತಿಗೆ ಮಾತ್ರ ಇದು. ನೀರು ಕುದಿಯತ್ತೆ. ಉರುಳೆ ತಿರುಗತ್ತೆ. ನಾನು ಎಂಟು ಗಂಟೆಗೆ ಬರ್ತೀನಿ.”

“ನಾಳೆ ಬರ್ತೀನಿ ಅನ್ನೋದಕ್ಕೆ?”

“ಅದಕ್ಕೆ ಬೇರೆ ಇದೆ.”

“ನಮ್ಮಲ್ಲಿ ಎಲ್ಲಕ್ಕೂ ಒಂದೇ. ದಿನಾ ಬರ್ತೀನಿ, ನಾಳೆ ಬರ್ತೀನಿ. ಎದ್ದು ಹೋಗುವಾಗಲೂ ಬರ್ತೀನಿ.”

“ಅದಕ್ಕೇ ನಮ್ಮ ಮಾತನ್ನ ಯಾರೂ ನಂಬಲ್ಲ.”

“ನಮ್ಮ ಮಾತು ಅನ್ನಬೇಡ.” ಅತ್ತಿಗೆ ಮಡಚಿದ ಬೆರಳಿನ ಗಿಣ್ಣಿನಿಂದ ಮೇಜು ಕುಟ್ಟಿದಳು. “ನಿನ್ನದು. ಎಲ್ಲ ಸರಿಯಾಗಿದೆ ಅಂದಿದ್ದು ನಾನಲ್ಲ.”

ಅಜ್ಜಿ ಹೇಳುವ ಕಥೆಯಾಗಿದ್ದರೆ ಇಲ್ಲಿ ನಾದಿನಿಯ ಕಣ್ಣಿಂದ ಒಂದು ಹನಿ ಬಿದ್ದು, ಅದು ಮುತ್ತಾಗಿ, ಅತ್ತಿಗೆ ಅದನ್ನು ಆರಿಸಿಕೊಳ್ಳಬೇಕಿತ್ತು. ನಾದಿನಿ ಪುಸ್ತಕ ಮುಚ್ಚಿ, “ಇವತ್ತಿಗೆ ಸಾಕು” ಎಂದು ಎದ್ದು ಹೋದಳು. ಸಂಜೆ ಬೀರುವಿನಾಚೆ ಕೊಡ ಬಿದ್ದ ಸದ್ದಾಯಿತು.

ಬುಧವಾರ ಬಾಲದ ಜಗಳ.

“ಐ ಓಪನ್, ಯು ಓಪನ್, ವಿ ಓಪನ್, ದೇ ಓಪನ್. ಹಿ, ಶಿ, ಇಟ್ ಬಂದ್ರೆ ಮಾತ್ರ ಕೊನೆಗೊಂದು ಸ್ ಸೇರತ್ತೆ. ಶಿ ಓಪನ್ಸ್. ಕುಳ್ಳಿ ಹಿಡೀತಾಳೆ, ಶಿ ಹೋಲ್ಡ್ಸ್.”

“ನನಗಿಲ್ಲದ ಬಾಲ ಅವಳಿಗ್ಯಾಕೆ?”

“ಯಾಕೆ ಅಂತ ಇಲ್ಲ. ಇಂಗ್ಲಿಷು ಹಾಗೆ.”

ಅತ್ತಿಗೆ ಸ್ವಲ್ಪ ಹೊತ್ತು ತುಟಿ ಅಲ್ಲಾಡಿಸುತ್ತ ಕುಳಿತಳು. “ಗೊತ್ತಾಯ್ತು ಬಿಡು. ನಾನು ಅಂದ್ರೆ ಇಲ್ಲೇ ಇದ್ದೀನಿ. ನೀನು ಅಂದ್ರೆ ಎದುರಿಗಿದ್ದೀಯ. ಅವಳು ಅಂದ್ರೆ ಇಲ್ಲಿಲ್ಲ. ಇಲ್ಲದವಳ ಮೇಲೆ ಮಾತಾಡುವಾಗ ಹಿಂದಿನಿಂದ ಬಾಲ ಅಂಟಿಸ್ತಾರೆ. ಆಫೀಸಿನವರ ಭಾಷೆ ಮತ್ತೆ ಹೇಗಿರತ್ತೆ?”

ತನ್ನ ಶಾಲೆಯಲ್ಲಿ ಯಾವ ಟೀಚರೂ ಇಷ್ಟು ನೆನಪಿರುವ ಹಾಗೆ ಹೇಳಿಕೊಟ್ಟಿರಲಿಲ್ಲ ಎಂದು ನಾದಿನಿಗೆ ಅನಿಸಿತು. ಅನಿಸಿದ್ದಕ್ಕೇ ಸಿಟ್ಟು ಇಮ್ಮಡಿಯಾಯಿತು.

“ಜಾಣತನ ಸಾಕು. ಈಗ ಇಲ್ಲ ಅನ್ನೋದು ಹೇಳ್ತೀನಿ, ಕೇಳಿ. ಐ ಡು ನಾಟ್ ಓಪನ್. ಶಿ ಬಂದ್ರೆ ಡು ಹೋಗಿ ಡಸ್. ಶಿ ಡಸ್ ನಾಟ್ ಓಪನ್. ಓಪನ್ಸ್ ಅಲ್ಲ. ಬಾಲ ಡಸ್ ಕಿತ್ಕೊಂಡಾಯ್ತು.”

“ಒಂದು ಮನೆಗೆ ಒಂದೇ ಬಾಲ.”

“ಹೌದು.”

“ನಮ್ಮನೇಲಿ ಯಾರಿಗಿದೆ ಅಂತ ನನ್ನ ಬಾಯಿ ಬಿಡಿಸಬೇಡ.”

ಕುಳ್ಳಿ ತುತ್ತು ಗಂಟಲಿಗೆ ಸಿಕ್ಕಿ ಕೆಮ್ಮಿದಳು.

ಏನೇ ಇರಲಿ, ಅತ್ತಿಗೆ ಕಲಿತಳು. ಬಸ್ಸಿನಲ್ಲಿ ಕಿಟಕಿಗೆ ಹಣೆ ಒತ್ತಿ ಹೇಳಿಕೊಂಡಳು, ಹೊದಿಕೆ ಬಾಯಿಗಿಡುತ್ತ ಹೇಳಿಕೊಂಡಳು. ಬೀರುವಿನಾಚೆಯಿಂದಲೂ ನಾದಿನಿಗೆ ಕೇಳಿಸುತ್ತಿತ್ತು: ಐ ಕಮ್ ಅಟ್ ಏಯ್ಟ್. ದಿ ರೋಲರ್ ಟರ್ನ್ಸ್. ಮೈ ಪಾರ್ಟ್ನರ್ ಹೋಲ್ಡ್ಸ್ ದಿ ಶೀಟ್. ತಪ್ಪಿದರೆ ನಾದಿನಿ ಹದಿನೇಳನ್ನು ಈ ಕಡೆಯಿಂದ ಎರಡು ಸಲ ತಟ್ಟುತ್ತಿದ್ದಳು. ಆ ಕಡೆಯಿಂದ ಸರಿಯಾದ ಸಾಲು, ಅದರ ಹಿಂದೆಯೇ ಲೋಟದ ಸದ್ದು.

ಗುರುವಾರ ಏಳನೆಯ ಸಾಲು ಬಂತು. ಯಂತ್ರದ ಜೊತೆ ಬಂದಿದ್ದ ಪುಸ್ತಕದಿಂದ ನಾದಿನಿ ಅದನ್ನು ಎತ್ತಿಕೊಂಡಿದ್ದಳು. “ಐ ಟೆಸ್ಟ್ ದಿ ಗಾರ್ಡ್.”

“ಅಂದ್ರೆ?”

“ತಡೆಪಟ್ಟಿ ಸರಿಯಾಗಿದೆಯಾ ಅಂತ ಪರೀಕ್ಷೆ ಮಾಡ್ತೀನಿ.”

ಅತ್ತಿಗೆ ಪೆನ್ಸಿಲ್ ಕೆಳಗಿಟ್ಟಳು. “ಯಾವತ್ತು ಮಾಡ್ತೀನಿ?”

“ದಿನಾ.”

“ದಿನಾ ಮಾಡೋದನ್ನ ಮಾತ್ರ ಹೀಗೆ ಹೇಳಬೇಕು ಅಂತ ಮೊನ್ನೆ ಹೇಳಿದವಳು ನೀನೇ. ಯಾವತ್ತು ಕೇಳಿದರೂ ಹೌದು ಅನ್ನೋ ಹಾಗಿರಬೇಕು ಅಂದೆ. ಇದನ್ನ ಇಲ್ಲಿ ಯಾರೂ ಒಂದು ದಿನವೂ ಮಾಡಿಲ್ಲ.”

“ತಪಾಸಣೆಗೆ ಹೇಳೋದು ಅತ್ತಿಗೆ. ಎಲ್ಲ ಕಡೆ ಹೀಗೇ ಬರೀತಾರೆ.”

“ಎಲ್ಲ ಕಡೆ ಹೀಗೇ ಬರೀತಾರೆ ಅಂತ ನನಗೆ ಆರು ವರ್ಷದಿಂದ ಗೊತ್ತು.” ಅವಳು ಮುಂದಕ್ಕೆ ಬಾಗಿದಳು. “ಆ ಕಾಗದ ತಗೊಂಡು ಬಾ. ನಾಳೆ. ಈಗ ನನಗೆ ಅಷ್ಟಿಷ್ಟು ಓದೋಕೆ ಬರತ್ತೆ.”

“ಫೈಲು ಆಫೀಸಿಂದ ಆಚೆ ತರೋ ಹಾಗಿಲ್ಲ.”

“ತರಬೇಡ. ಶನಿವಾರ ನಾನು ಬಾಯೇ ಬಿಡಲ್ಲ. ನಿಮ್ಮಣ್ಣನಿಗೆ ಕೊಟ್ಟ ಮಾತನ್ನ ಉಪ್ಪಿನಕಾಯಿ ಹಾಕ್ಕೋ.”

ಶುಕ್ರವಾರ ನಾದಿನಿ ಕಾಗದವನ್ನು ಸೆರಗಿನೊಳಗೆ ತಂದಳು. ಅತ್ತಿಗೆ ಅದನ್ನು ಮೇಜಿನ ಮೇಲೆ ಅಂಗೈಯಿಂದ ಒರೆಸಿ ಹರಡಿದಳು. ಕೆಳಗೆ ಅವಳದೇ ಹೆಬ್ಬೆಟ್ಟು, ನೀಲಿ. ಸೆಟೆದ ಬೆರಳನ್ನು ಅಕ್ಷರದ ಕೆಳಗೆ ಉಜ್ಜುತ್ತ ಓದತೊಡಗಿದಳು. ಒಂದು ಸಾಲಿಗೆ ಒಂದು ನಿಮಿಷ ಹಿಡಿಯಿತು.

“ಶಿ… ಟೈಸ್… ದಿ ಗಾರ್ಡ್. ಟೈಸ್ ಅಂದ್ರೆ?”

“ಕಟ್ಟೋದು.”

“ಅವಳು ಕಟ್ತಾಳೆ. ದಿನಾ.” ಬೆರಳು ಕೆಳಗಿಳಿಯಿತು. “ಶಿ ಡಸ್ ನಾಟ್… ಆಸ್ಕ್.”

“ಯಾರನ್ನೂ ಕೇಳಲ್ಲ.”

“ಶಿ ಡಸ್ ನಾಟ್ ಲಿಸನ್.”

“ಹೇಳಿದ್ದು ಕೇಳಿಸ್ಕೊಳ್ಳಲ್ಲ.”

ಕುಳ್ಳಿ ಡಬ್ಬಿ ಮುಚ್ಚಿ ಮೆಲ್ಲಗೆ ಎದ್ದು ಹೋದಳು.

“ಬಟ್ಟೆ ಹರಿದು ಹಂಚೋನು ಇದರಲ್ಲಿ ಎಲ್ಲಿದಾನೆ?”

“ಇಲ್ಲ.”

“ನಿನ್ನ ಕಿಟಕಿ ಎದುರಿಗೇ ಹರೀತಾನೆ. ನೀನು ದಿನಾ ನೋಡ್ತಿದ್ದೆ.”

“ನೋಡ್ತಿದ್ದೆ,” ಎಂದಳು ನಾದಿನಿ. “ಸೇರಿ ನಾಲ್ಕು ತಿಂಗಳಾಗಿತ್ತು. ಬರೀದಿದ್ರೆ ಕುರ್ಚಿ ಹೋಗ್ತಿತ್ತು.”

“ನಿನ್ನ ಕುರ್ಚಿಗೆ ನನ್ನ ಕೈಯನ್ನ ಕಾಲು ಮಾಡಿ ನಿಲ್ಲಿಸಿದೆ.” ಅತ್ತಿಗೆಯ ದನಿ ಏರಲಿಲ್ಲ, ಏರಿದ್ದರೆ ನಾದಿನಿಗೆ ತಿರುಗಿ ಬೈಯಲು ಅನುಕೂಲವಾಗುತ್ತಿತ್ತು. “ನೀನು ಮಾತು ಕೊಟ್ಟಿದ್ದು ನನ್ನ ಕೆಲಸದ ಹನ್ನೆರಡು ಸಾಲಿಗೆ, ಪುಸ್ತಕದ್ದಕ್ಕಲ್ಲ. ಏಳನೇದು ಬಾಕಿ ಇದೆ. ಅವನು ನಮಗೆ ಬಟ್ಟೆ ಕೊಡ್ತಾನೆ ಅನ್ನೋದಕ್ಕೆ ಏನಂತಾರೆ?”

“ನಿಮ್ಮನ್ನ ಕೊಳೆ ಕೋಣೆಗೆ ಹಾಕ್ತಾನೆ. ನನ್ನನ್ನ ಬೀದಿಗೆ ಹಾಕ್ತಾನೆ. ಹೇಳಿಕೊಡಲ್ಲ.”

“ಹೇಳಿಕೊಡಬೇಡ,” ಎಂದಳು ಅತ್ತಿಗೆ, ಕಾಗದ ಮಡಚಿ ಅವಳ ಕಡೆ ತಳ್ಳುತ್ತ. “ನೀನು ಹೆದರೋದು ದಿನಾ. ಅದಕ್ಕೂ ಇದೇ ಸಾಲು ಹೊಂದತ್ತೆ.”

ಶನಿವಾರ ಸೀಟಿ ಬಟ್ಟೆ ಹರಿಯಲಿಲ್ಲ. ಚಿಂದಿ ಬುಟ್ಟಿಯೂ ಮಾಯವಾಗಿತ್ತು. ತಡೆಪಟ್ಟಿ ಬಿಚ್ಚಿಕೊಂಡು ನಿಂತಿತ್ತು. ಹೊಟ್ಟೆಬಾಕ ಸುಕ್ಕಿಗೊಮ್ಮೆ ನಿಂತು, ಬಿಕ್ಕಿ, ಮತ್ತೆ ಹೊರಡುತ್ತಿದ್ದ. ಹತ್ತು ಗಂಟೆಗೆ ತಪಾಸಣೆಯಮ್ಮ ಬಂದಳು. ಗಿಡ್ಡ ಕೂದಲು, ಚಪ್ಪಟೆ ಬೂಟು, ಕಿವಿಯ ಮೇಲೆ ಪೆನ್ನು. ಹಿಂದೆ ಸೀಟಿ, ಅವನ ಹಿಂದೆ ಫೈಲುಗಳ ಹೊರೆ ಹೊತ್ತ ನಾದಿನಿ.

“ವಾಟ್ ಡು ಯು ಡು ಎವ್ರಿ ಡೇ?” ಎಂದಳು ತಪಾಸಣೆಯಮ್ಮ.

ಅತ್ತಿಗೆ ಎರಡೂ ಕೈಯನ್ನು ಮುಂದೆ ಕಟ್ಟಿ ಶುರು ಮಾಡಿದಳು. ಐ ಕಮ್ ಅಟ್ ಏಯ್ಟ್. ಆಮ್ ಬರಲಿಲ್ಲ. ಉರುಳೆಗೆ ಬಾಲ ಬಂತು, ಕುಳ್ಳಿಗೆ ಬಾಲ ಬಂತು, ಬೇಡದ ಕಡೆ ಬರಲಿಲ್ಲ. ಒಂದೊಂದು ಸಾಲಿಗೂ ತಪಾಸಣೆಯಮ್ಮ ಹಾಳೆಯ ಮೇಲೊಂದು ಗುರುತು ಹಾಕಿದಳು. ಆರು ಗುರುತಾಯಿತು. ಆರನೆಯದರ ನಂತರ ಅತ್ತಿಗೆ ನಿಂತಳು.

ಸೀಟಿ ಹಲ್ಲು ಬಿಟ್ಟ. ನಾದಿನಿಯ ಕಿವಿಯ ಹತ್ತಿರ ಬಾಗಿ, “ಮರೆತಳು. ಸೋಮವಾರ ಕೊಳೆ ಕೋಣೆಗೆ ಹೆಸರು ಬರ್ಕೋ,” ಎಂದ.

ಅತ್ತಿಗೆ ಮರೆತಿರಲಿಲ್ಲ. ನಾದಿನಿಗೆ ಮಾತ್ರ ಅದು ತಿಳಿಯುತ್ತಿತ್ತು: ಬಸ್ ಕಿಟಕಿಗೆ ಹಣೆ ಒತ್ತಿದಾಗ ಅಲ್ಲಾಡುವ ಹಾಗೆ ತುಟಿ ಅಲ್ಲಾಡುತ್ತಿತ್ತು. ಅವಳು ಏನನ್ನೋ ಬಿಚ್ಚಿ ಮತ್ತೆ ಹೊಲಿಯುತ್ತಿದ್ದಳು. ನಿನ್ನೆಯ ಕಾಗದದ ‘ಶಿ’ಯನ್ನು ಕಿತ್ತು ಅಲ್ಲೇನೋ ಇಡುತ್ತಿದ್ದಳು.

“ವಿ,” ಎಂದಳು. “ವಿ… ಟೈ ದಿ ಗಾರ್ಡ್.”

ತಪಾಸಣೆಯಮ್ಮನ ಪೆನ್ನು ನಿಂತಿತು. ಆಕೆ ಹೊಟ್ಟೆಬಾಕನ ಹತ್ತಿರ ಹೋಗಿ ತಡೆಪಟ್ಟಿಯ ಮೇಲೆ ಬೆರಳಾಡಿಸಿದಳು. ಎರಡೂ ತುದಿಯಲ್ಲಿ, ಬಳೆ ತೊಟ್ಟು ತೊಟ್ಟು ಸವೆದ ಮಣಿಕಟ್ಟಿನ ಹಾಗೆ, ಕೆಂಪು ಬಣ್ಣ ಉಂಗುರದಾಕಾರದಲ್ಲಿ ಎದ್ದುಹೋಗಿ ಕಬ್ಬಿಣ ಹೊಳೆಯುತ್ತಿತ್ತು. ವರ್ಷಗಟ್ಟಲೆ ಕಟ್ಟಿದರಷ್ಟೇ ಹಾಗಾಗುವುದು. ಬುಟ್ಟಿ ಬಚ್ಚಿಟ್ಟ ಸೀಟಿಗೆ ಇದು ಹೊಳೆದಿರಲಿಲ್ಲ.

ಆದರೆ ಅವನ ಹತ್ತಿರ ಹಳೆಯ ಮದ್ದಿತ್ತು. ಈ ಹೆಂಗಸು ಯಾವಾಗಲೂ ಹೀಗೆ, ತಾನೇ ಕಟ್ಟುತ್ತಾಳೆ, ಹೇಳಿದ್ದು ಕೇಳುವುದಿಲ್ಲ, ಆರು ವರ್ಷದ ಹಿಂದಿನ ಕಾಗದವೇ ಇದೆ ಎಂದು ಇಂಗ್ಲಿಷಿನಲ್ಲಿ ಗಡಗಡ ಒದರಿದ. “ಏಯ್, ಓದಮ್ಮ ಅದನ್ನ,” ಎಂದು ನಾದಿನಿಗೆ ಸನ್ನೆ ಮಾಡಿದ.

ನಾದಿನಿ ಫೈಲು ತೆರೆದಳು. ನೀಲಿ ಹೆಬ್ಬೆಟ್ಟು ಕಂಡಿತು. ಅದರ ಮೇಲಿನ ಮೂರು ಸಾಲು ತನ್ನದೇ ದುಂಡು ಅಕ್ಷರ. ಎಷ್ಟು ಅಚ್ಚುಕಟ್ಟಾಗಿ ಬರೆದಿದ್ದೆ ಎನಿಸಿತು. ತಪಾಸಣೆಯಮ್ಮ ಕಾಯುತ್ತಿದ್ದಳು. ಅತ್ತಿಗೆ ಇತ್ತ ನೋಡಲೂ ಇಲ್ಲ, ಉರುಳೆಯನ್ನು ನೋಡುತ್ತಿದ್ದಳು, ಇವಳಿಂದ ಏನೂ ಬಾರದು ಎಂದು ಖಾತ್ರಿಯಿದ್ದವಳ ಹಾಗೆ. ಆ ಖಾತ್ರಿಯೇ ನಾದಿನಿಗೆ ಚುಚ್ಚಿತು. ಪ್ರೀತಿಯಿಂದಲ್ಲ, ಹಟಕ್ಕೆ ಬಿದ್ದು ಅವಳು ಫೈಲು ಮುಚ್ಚಿದಳು.

“ಅತ್ತಿಗೆ, ಏಳನೇ ಸಾಲು ಅರ್ಧಕ್ಕೆ ನಿಂತಿದೆ. ನನ್ನ ಹಿಂದೆ ಹೇಳಿ. ಹಿ ಗಿವ್ಸ್ ಅಸ್ ದಿ ಕ್ಲಾತ್.”

ಅತ್ತಿಗೆ ತಿರುಗಿದಳು. “ಹಿ… ಗಿವ್ಸ್?”

“ಗಿವ್ ಅಂದ್ರೆ ಕೊಡೋದು.”

ಅತ್ತಿಗೆ ಸೀಟಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ಎದುರಿಗೇ ನಿಂತಿದಾನಲ್ಲ. ಆದ್ರೂ ಬಾಲ ಬರತ್ತಾ?”

“ಬರತ್ತೆ. ಇವರಿಗೆ ಎಲ್ಲಿ ನಿಂತರೂ ಬರತ್ತೆ.”

“ಹಿ ಗಿವ್ಸ್ ಅಸ್ ದಿ ಕ್ಲಾತ್,” ಎಂದಳು ಅತ್ತಿಗೆ, ತಪಾಸಣೆಯಮ್ಮನಿಗೆ ನೇರವಾಗಿ. “ಎವ್ರಿ ಡೇ.”

ತಪಾಸಣೆಯಮ್ಮ ನಾದಿನಿಯ ಕಡೆ ತಿರುಗಿ, ಇದು ನಿಜವೇ ಎಂದು ಕೇಳಿದಳು. ನಿಜ ಎಂದಳು ನಾದಿನಿ. ಆ ಹಳೆಯ ಕಾಗದ ಬರೆದವಳು ನಾನೇ, ಅದು ಸುಳ್ಳು ಎಂದೂ ಹೇಳಿದಳು. ಸೀಟಿಯ ತುಟಿ ಸೀಟಿ ಹೊಡೆಯುವ ಹಾಗೆ ಗುಂಡಗಾಯಿತು, ಗಾಳಿ ಮಾತ್ರ ಬಂತು. ತಪಾಸಣೆಯಮ್ಮ ಏಳನೆಯ ಗುರುತು ಹಾಕಿ, ಫೈಲನ್ನು ನಾದಿನಿಯ ಕೈಯಿಂದ ತೆಗೆದು ತನ್ನ ಚೀಲಕ್ಕೆ ಹಾಕಿಕೊಂಡಳು. ಸೋಮವಾರ ತಾನು ಮತ್ತೆ ಬರುವುದಾಗಿಯೂ, ಆಗ ಇದೇ ಯಂತ್ರದ ಮುಂದೆ ಇದೇ ಹೆಂಗಸು ಇರಬೇಕೆಂದೂ, ಇಲ್ಲದಿದ್ದರೆ ಆಸ್ಪತ್ರೆಯ ಒಂದು ಹೊದಿಕೆಯೂ ಇಲ್ಲಿಗೆ ಬಾರದೆಂದೂ ಹೇಳಿ ಮುಂದಿನ ಯಂತ್ರದ ಕಡೆ ಹೆಜ್ಜೆ ಇಟ್ಟಳು.

“ನಿನ್ನ ಕುರ್ಚಿ ಇವತ್ತೇ ಖಾಲಿ,” ಎಂದು ಸೀಟಿ ನಾದಿನಿಗೆ ಹಲ್ಲು ಕಚ್ಚಿ ಹೇಳಿದ.

“ಕೊಳೆ ಕೋಣೇಲಿ ಜಾಗ ಇದೆಯಂತಲ್ಲ,” ಎಂದಳು ಅತ್ತಿಗೆ ನಾದಿನಿಗೆ. “ನಿನ್ನ ಕೈ ಇನ್ನೂ ಚೆನ್ನಾಗಿದೆ.”

“ನಿಮ್ಮಿಂದ ಇನ್ನೇನು ಬರತ್ತೆ?”

“ಐದು ಸಾಲು ಬರತ್ತೆ. ಆ ಅಮ್ಮನ್ನ ಕರಿ. ಏಳನೇ ಸಾಲಿಗೇ ಹೊರಟುಬಿಟ್ಲು.”

ನಾದಿನಿ ಕರೆದಳು. ತಪಾಸಣೆಯಮ್ಮ ಹುಬ್ಬೇರಿಸಿ ಹಿಂದಿರುಗಿ ಬಂದು ಮತ್ತೆ ಹಾಳೆ ಹಿಡಿದಳು. ಅತ್ತಿಗೆ ಕೈ ಕಟ್ಟಿದಳು, ಮಡಚಿದ ಎರಡು ಬೆರಳು ಮೇಲೆ ಕಾಣುವ ಹಾಗೆ. ಎಂಟು, ಒಂಬತ್ತು. ಹತ್ತರಲ್ಲಿ ನಾಲಿಗೆ ಒಮ್ಮೆ ತೊಡರಿತು. ನಾದಿನಿ ಫೈಲುಗಳ ಹೊರೆಯನ್ನು ಬೆರಳಿನಿಂದ ಎರಡು ಸಲ ತಟ್ಟಿದಳು, ಸಾಲು ಸರಿಯಾಯಿತು. ಹನ್ನೊಂದು.

“ಐ ಕ್ಲೋಸ್ ದಿ ಸ್ಟೀಮ್,” ಎಂದಳು ಅತ್ತಿಗೆ, “ಅಂಡ್ ಐ ಗೋ ಹೋಮ್.”

ತಪಾಸಣೆಯಮ್ಮ ಹನ್ನೆರಡನೆಯ ಗುರುತು ಹಾಕಿದಳು.